ಬೇಳೆ ಬೇಯಿಸಿ ತಿದ್ದಿದ ನಕಾಶೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಸುಳ್ಳಲ್ಲ. ಆ ಸಿಟ್ಟಿನಿಂದ ಕೆಟ್ಟ ಕೆಲಸಗಳು ಬೇಕಾದಷ್ಟಿವೆ, ಅವನ್ನೆಲ್ಲ ನೆನೆದು ಕೊರಗುವ ಸ್ವಭಾವ ನನ್ನದಲ್ಲ. ಆದರೆ ಒಬ್ಬ ಹೆಂಗಸಿನ ಮುಂದೆ ಅದನ್ನು ತೋರಿಸಿ ನಾಚಿಕೊಂಡಷ್ಟು ಮತ್ತೆಲ್ಲಿಯೂ ನಾಚಿಕೊಂಡಿಲ್ಲ. ಊರೆಲ್ಲ ಆಕೆಯನ್ನು ಆಯಿ, ಅಂದರೆ ತಾಯಿ, ಎನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕೋಡಿಯ ಒಂದು ಸರಕಾರಿ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಟ್ರೇಸಿಂಗ್ ಹಾಳೆ, ಸ್ಕೇಲು, ಬಣ್ಣದ ಪೆನ್ಸಿಲು. ಆ ವರ್ಷ ನಮ್ಮ ಸಾಹೇಬರು ಒಂದು ಹೊಸ ಕೆಲಸ ತಂದರು. ನಿಪ್ಪಾಣಿಯ ತಂಬಾಕಿನ ಹೊಲದಿಂದ ಹಿಡಿದು ಅಥಣಿ, ಕಾಗವಾಡದ ದ್ರಾಕ್ಷಿ ತೋಟದವರೆಗೆ ಆರಿಸಿದ ಕೆಲವು ಊರುಗಳಲ್ಲಿ, ಯಾವ ಹೊಲದಲ್ಲಿ ಏನು ಬೆಳೆಯುತ್ತಾರೆ ಎಂಬುದನ್ನು ಒಂದು ಹಾಳೆಯ ಮೇಲೆ ತೆಗೆಯಬೇಕು. ಅದೇ ಊರಿನ ಬಾವಿಗಳ ನೀರು ಹೇಗಿದೆ ಎಂಬುದನ್ನು ಇನ್ನೊಂದು ಹಾಳೆಯ ಮೇಲೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದರೆ, ಯಾವ ಬೆಳೆ ಯಾವ ನೀರನ್ನು ಏನು ಮಾಡುತ್ತಿದೆ ಎಂಬುದು ಕಣ್ಣಿಗೆ ಬೀಳಬೇಕು. ಆಮೇಲೆ ಎಲ್ಲಿ ಬಾವಿ ತೋಡಬೇಕು, ಯಾವ ನೆಲವನ್ನು ಹಾಗೇ ಕಾಯ್ದಿಡಬೇಕು ಎಂಬ ಯೋಜನೆ.

ಕಬ್ಬಿಗೆ ಹಸಿರು, ಜೋಳಕ್ಕೆ ಹಳದಿ, ತಂಬಾಕಿಗೆ ಕಂದು, ದ್ರಾಕ್ಷಿಗೆ ನೇರಳೆ. ಬಾವಿ ಎಂದರೆ ಒಂದು ಸಣ್ಣ ಸುತ್ತು. ಸಿಹಿ ನೀರಾದರೆ ನೀಲಿ, ಸವಳು ನೀರಾದರೆ ಕೆಂಪು. ಸವಳು ಎಂದರೆ ನಮ್ಮ ಕಡೆ ಉಪ್ಪು ಏರಿ ಕೆಟ್ಟ ನೀರು, ಕೆಟ್ಟ ಮಣ್ಣು, ಎರಡೂ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಲಗಳು ಸವಳಾಗುವುದನ್ನು ಜನ ಆಗಲೇ ನೋಡಲು ಶುರುಮಾಡಿದ್ದರು. ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಯಾಕೆ ಎಂಬುದು ನನಗೆ ತಡವಾಗಿ ತಿಳಿಯಿತು.

ಏಕಸಂಬಿಯಿಂದ ಆಚೆ, ದೂಧಗಂಗೆ ನದಿಯ ಕಡೆಗೆ ಒಂದು ಊರು. ಹೆಸರು ಬೇಡ. ನದಿಯಿಂದ ನೀರೆತ್ತಿ ಬೆಳೆದ ಕಬ್ಬು, ಊರ ಮೇಲುಗಡೆ ದಿಬ್ಬದ ಮೇಲೆ ದನ ಮೇಯುವ ಗಾಯರಾಣ, ನಡುವೆ ಅಲ್ಲೊಂದು ಇಲ್ಲೊಂದು ಜೋಳದ ಪಟ್ಟಿ, ಒಂದೇ ಒಂದು ದ್ರಾಕ್ಷಿ ತೋಟ. ಬಾವಿಯ ನೀರನ್ನು ಹೇಗೆ ತೆಗೆಯಬೇಕೆಂದು ಸಾಹೇಬರು ಹತ್ತು ಸಲ ಹೇಳಿದ್ದರು. ನಾವೇ ಬಾಟಲಿಯನ್ನು ಬಾವಿಗೆ ಇಳಿಬಿಡಬೇಕು, ಅದೇ ನೀರಿನಿಂದ ಮೂರು ಸಲ ತೊಳೆಯಬೇಕು, ತುಂಬಿ ಚೀಟಿ ಅಂಟಿಸಬೇಕು. ಆದರೆ ಎರಡು ತಿಂಗಳು ರಾಯಬಾಗ, ಅಥಣಿ ಎಂದು ಬಸ್ಸಿನಲ್ಲಿ ಅಲೆದು ನನ್ನ ಬೆನ್ನು ಮುರಿದಿತ್ತು. ಆ ಊರಿನ ದೊಡ್ಡ ಕಬ್ಬಿನ ಹೊಲದ ಸಾವಕಾರರು ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. “ನೀವ್ಯಾಕ ಬಿಸಿಲಾಗ ಬಾವಿ ಬಾವಿ ತಿರಗತೀರಿ? ಬಾಟ್ಲಿ ಇಟ್ಟ ಹೋಗ್ರಿ. ಯಾರ್ಯಾರ ಬಾವಿ, ಅವರವರ ತುಂಬಿ ಇಡ್ತೇವಿ,” ಎಂದರು. ನಾನು ಬಾಟಲಿಗಳನ್ನು ಹಂಚಿ, ಊಟ ಮಾಡಿ, ಬೇವಿನ ಗಿಡದ ಕೆಳಗೆ ಮಲಗಿಬಿಟ್ಟೆ.

ತಪಾಸಣೆಯ ಉತ್ತರ ಬಂದಾಗ ನನಗೆ ಹಿಡಿಸಲಾರದ ಖುಷಿ. ಆ ಊರಿನ ಅಷ್ಟೂ ಬಾವಿಗಳು ಸಿಹಿ. ಒಂದರ ಲೆಕ್ಕ ಇನ್ನೊಂದಕ್ಕೆ ಹೆಚ್ಚುಕಡಿಮೆ ಹಾಗೇ ಕೂಡುತ್ತಿತ್ತು. ಅನುಮಾನ ಬರಬೇಕಾದದ್ದು ಅಲ್ಲೇ. ನನಗೆಲ್ಲಿ ಬರಬೇಕು? ಹಸಿರಿನ ನಡುವೆ ಸಾಲಾಗಿ ನೀಲಿ ಸುತ್ತು ಬರೆದು, ಕೆಳಗೆ ಒಳ್ಳೆಯ ಅಕ್ಷರದಲ್ಲಿ, ಈ ಊರಿನಲ್ಲಿ ಕಬ್ಬಿನಿಂದ ನೀರು ಕೆಟ್ಟಿಲ್ಲ ಎಂದು ಷರಾ ಕೂಡ ಬರೆದೆ. ಆ ನಕಾಶೆ ಕಚೇರಿಯ ಗೋಡೆಯ ಮೇಲೆ ತೂಗಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅದೇ ನಕಾಶೆಯ ಮೇಲೆ ಇನ್ನೊಂದು ನಿರ್ಧಾರವೂ ಆಯಿತು. ಆ ಊರಿನ ಕೇರಿಗೆ ಒಂದು ಕುಡಿಯುವ ನೀರಿನ ಬಾವಿ ಮಂಜೂರಾಗಿತ್ತು. ಕೇರಿಯಲ್ಲಿದ್ದವು ಕೂಲಿ ಮಾಡುವ, ಬೌದ್ಧರಾದ ದಲಿತ ಕುಟುಂಬಗಳು. ಅವರಿಗೆ ಊರಿನ ಯಾವ ಬಾವಿಯ ಹಗ್ಗವೂ ಸಲ್ಲುತ್ತಿರಲಿಲ್ಲ. ಹೆಂಗಸರು ದಿನಾ ನದಿಗೆ ನಡೆದುಹೋಗಿ, ಮರಳಿನಲ್ಲಿ ವರತಿ ತೋಡಿ, ಚೆರಿಗೆಯಿಂದ ಕೊಡ ತುಂಬಿಸಿಕೊಂಡು ಬರುತ್ತಿದ್ದರು. ಸಾವಕಾರರು ತಮ್ಮ ಕಬ್ಬಿನ ಹೊಲದ ಒಂದು ಮೂಲೆಯನ್ನು ಬಾವಿಗೆಂದು ಬಿಟ್ಟುಕೊಟ್ಟಿದ್ದರು. ಸುತ್ತ ಎಲ್ಲಾ ನೀಲಿ ಸುತ್ತು, ಇನ್ನೇನು ಬೇಕು? ಬರುವ ಸೋಮವಾರ ಸಾಹೇಬರು ಹೋಗಿ ಗುರುತು ಹಾಕುವುದು ಎಂದಾಯಿತು.

ಗುರುವಾರ ನಾನು ಆ ಮೂಲೆಯ ಅಳತೆ ತೆಗೆಯಲು ಹೋದೆ. ಮಧ್ಯಾಹ್ನ ಬದುವಿನ ಮೇಲೆ ನಕಾಶೆಯ ಪ್ರತಿ ಹರವಿಕೊಂಡು ಕೂತಿದ್ದೆ. ಪಕ್ಕದ ಹೊಲದಲ್ಲಿ ಕಳೆಕಸ ತೆಗೆಯುತ್ತಿದ್ದ ಹೆಂಗಸೊಬ್ಬಳು ಬುತ್ತಿ ಉಣ್ಣಲು ಬಂದವಳು ಬಗ್ಗಿ ನೋಡಿದಳು. ಐವತ್ತು ದಾಟಿರಬೇಕು. ಕಚ್ಚೆ ಹಾಕಿ ಉಟ್ಟ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕಳೆ ಕೀಳುವ ಕುರ್ಪಿ. ಆಕೆಯೇ ಆಯಿ.

“ಈ ಸುತ್ತು ಏನ್ರೀ ಸಾಹೇಬ್ರ?” ಎಂದಳು.

ತೋರಿಸಿಕೊಳ್ಳುವ ಚಟ ನನಗೆ. ಒಂದೊಂದೇ ಬಾವಿ ತೋರಿಸಿ ವಿವರಿಸಿದೆ. ಇದು ಸಾವಕಾರರ ಬಾವಿ, ಸಿಹಿ. ಇದು ಅವರ ಅಣ್ಣತಮ್ಮಂದಿರದು, ಇದೂ ಸಿಹಿ. ಆಯಿ ಕೇಳುತ್ತ ಕೇಳುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

“ಸಾವಕಾರ್ರ ಬಾವಿ ನೀರಾಗ ಬ್ಯಾಳಿನ ಕುದಿಯೂದಿಲ್ರಿ. ಅವರ ಮನಿಯವರು ಸೈತ ಹಳ್ಳದ ದಂಡಿ ಬಾವಿಯಿಂದ ಬಂಡಿ ಮ್ಯಾಲ ಬ್ಯಾರಲ್ ತುಂಬಿ ತರ್ತಾರ.”

ಸಿಟ್ಟು ಬಂತು ನೋಡಿ. ಗೋಡೆಗೆ ತೂಗಿದ್ದ ನಕಾಶೆ, ತಪಾಸಣೆಯಾಗಿ ಬಂದ ಲೆಕ್ಕ, ಅದರ ಮುಂದೆ ಈಕೆಯ ಬೇಳೆ. “ನಿನಗೇನ ತಿಳೀತೈತಿ ಇದರಾಗ? ಸುಮ್ಮನ ಕಸಾ ತಗೀ ಹೋಗು,” ಎಂದೆ. ನನ್ನ ತಾಯಿಯ ವಯಸ್ಸಿನವಳಿಗೆ.

ಆಕೆ ಎದ್ದು ಹೋಗಲಿಲ್ಲ, ದನಿ ಏರಿಸಲೂ ಇಲ್ಲ. ರೊಟ್ಟಿ ಮುರಿಯುತ್ತ ಅಂದಳು: “ನಕಾಶಿ ನನಗ ತಿಳಿಯೂದಿಲ್ಲ, ಖರೇ ಐತಿ. ನೀರು ತಿಳೀತೈತಿ. ಈ ಬಾಟ್ಲಿ ನೀವ ತುಂಬಿದ್ರ್ಯೋ, ಅವರ ತುಂಬಿ ಕೊಟ್ರೋ?”

ಅವರೇ ತುಂಬಿಕೊಟ್ಟರು ಎಂದು ಹೇಳಲೇಬೇಕಾಯಿತು. ಆಗ ಆಕೆ ವಿಷಯ ಬಿಡಿಸಿ ಹೇಳಿದಳು. ಆ ಸೀಮೆಯಲ್ಲಿ ಕನ್ಯೆ ಕೊಡುವ ಮನೆಯವರು ಬಂದರೆ ಮೊದಲು ಬಾವಿ ನೋಡುತ್ತಾರೆ. ಬಂದ ಹಿರಿಯರು ಬಾವಿಯ ಹತ್ತಿರ ಬಾಯಿ ಮುಕ್ಕಳಿಸುತ್ತಾರೆ, ಹೆಂಗಸರು ಒಲೆಯ ಮೇಲಿನ ಬೇಳೆಯನ್ನು ಬೆರಳಿನಿಂದ ಹಿಸುಕಿ ನೋಡುತ್ತಾರೆ. ಸವಳು ಬಾವಿಯ ಮನೆ ಎಂದರೆ ಹೊಲ ಹೋಗುತ್ತಿರುವ ಮನೆ ಎಂದರ್ಥ. ಸಾವಕಾರರ ಮಗನಿಗೆ ಆ ವರ್ಷ ಕನ್ಯೆ ನೋಡುತ್ತಿದ್ದರು. ಬಾವಿ ಕೆಟ್ಟ ಬೇರೆ ಮನೆಗಳಲ್ಲೂ ಗಂಡು ಹುಡುಗರಿದ್ದರು. ಸರಕಾರಿ ಕಾಗದದಲ್ಲಿ ತಮ್ಮ ಬಾವಿಯನ್ನು ಸವಳು ಎಂದು ಬರೆಸಿಕೊಳ್ಳಲು ಯಾರು ಒಪ್ಪುತ್ತಾರೆ? ಎಲ್ಲರೂ ಹಳ್ಳದ ದಂಡೆಯ ಆ ಒಂದೇ ಬಾವಿಯಿಂದ ತುಂಬಿ, ತಮ್ಮ ತಮ್ಮ ಚೀಟಿ ಅಂಟಿಸಿ ಕೊಟ್ಟಿದ್ದರು. ನಾನು ಬೇವಿನ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದೆ.

“ಅವರ ಸಂಬಂಧ ಅವರಿಗೆ. ನನ್ನ ಚಿಂತಿ ಬ್ಯಾರೆ ಐತಿ,” ಎಂದಳು ಆಯಿ. “ನಮ್ಮ ಕೇರಿಗೆ ಬಾವಿ ಒಂದ ಸಲ ಬರತೈತಿ. ಈ ಮೂಲ್ಯಾಗ ತೋಡಿ ಸವಳು ಬಿತ್ತಂದ್ರ, ಬಾವಿ ಕೊಟ್ಟೇವಿ ಅಂತ ನಿಮ್ಮ ಕಾಗದ ಹೇಳತೈತಿ. ನಮ್ಮ ಹೆಣ್ಮಕ್ಕಳು ಸಾಯೂತನಕ ವರತಿ ತೋಡತಾರ.”

ತಪ್ಪು ನನ್ನದು, ಬೆಲೆ ಕೇರಿಯ ಹೆಂಗಸರದು. ಇರುವುದು ನಡುವೆ ಮೂರೇ ದಿನ.

“ಆಯಿ, ತಪ್ಪಾತು,” ಎಂದೆ. ಸಿಟ್ಟಿನವನ ಬಾಯಲ್ಲಿ ಆ ಮಾತು ಸುಲಭವಾಗಿ ಬರುವುದಿಲ್ಲ. ಆಕೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ನಾಳೆ ಮುಂಜಾನಿ ಬರ್ರಿ. ಬಾಟ್ಲಿ ತರ್ರಿ. ಹಂಗ ಒಂದ ಸೇರ ತೊಗರಿ ಬ್ಯಾಳಿ ತರ್ರಿ,” ಎಂದಳು.

ಶುಕ್ರವಾರ ಬೆಳಿಗ್ಗೆ ಹೋದಾಗ ಆಕೆ ಕೂಲಿ ಬಿಟ್ಟು ನನಗಾಗಿ ಕಾಯುತ್ತಿದ್ದಳು. ಇಬ್ಬರೂ ಬಾವಿಯಿಂದ ಬಾವಿಗೆ ನಡೆದೆವು. ಈಗ ಪ್ರತಿ ಬಾವಿಗೂ ನಾನೇ ಇಳಿದೆ. ಆಯಿ ಮಾತ್ರ ಯಾವ ಬಾವಿಯ ಮೆಟ್ಟಿಲನ್ನೂ ತುಳಿಯದೆ ದೂರ ನಿಲ್ಲುತ್ತಿದ್ದಳು. ಮೊದಮೊದಲು ನನಗೆ ಅದು ಹೊಳೆಯಲೇ ಇಲ್ಲ. ಮೂರನೆಯ ಬಾವಿಯ ಹತ್ತಿರ, ಬಾ ಆಯಿ, ನೀನೂ ರುಚಿ ನೋಡು ಎಂದಾಗ ಆಕೆ ಅಂದಳು, “ನಾ ಇಲ್ಲೇ ನಿಂದರತೇನಿ. ನೀವ ಸುರೀರಿ.” ಎರಡೂ ಕೈ ಜೋಡಿಸಿ ಬೊಗಸೆ ಹಿಡಿದಳು. ನಾನು ಮೇಲಿನಿಂದ ಸುರಿದೆ, ಆಕೆ ಕುಡಿದಳು.

ಆಮೇಲೆ ನಡೆಯುತ್ತ ಲೆಕ್ಕ ಹಾಕಿದೆ. ಸಾವಕಾರರಿಗೆ ಗೊತ್ತಿದ್ದುದು ಅವರ ಬಾವಿಯ ನೀರು. ಅಣ್ಣತಮ್ಮಂದಿರಿಗೆ ಅವರವರದು. ಆಯಿ ಹದಿನಾರನೆಯ ವಯಸ್ಸಿನಿಂದ ಎಲ್ಲರ ಹೊಲದಲ್ಲೂ ದುಡಿದವಳು. ಎಲ್ಲರ ಆಳುಗಳೂ ಆಕೆಯ ಬೊಗಸೆಗೆ ಮೇಲಿನಿಂದ ನೀರು ಸುರಿದಿದ್ದರು. ಒಂದು ಬಾವಿಯ ಹಗ್ಗವನ್ನೂ ಮುಟ್ಟದೆ ಊರಿನ ಅಷ್ಟೂ ಬಾವಿಗಳ ನೀರನ್ನು ತಿಳಿದವಳು ಆಕೆ ಒಬ್ಬಳೇ. ನಾಚಿಕೆಯೂ ಆಯಿತು, ಕೈ ಮುಗಿಯಬೇಕೆಂದೂ ಅನ್ನಿಸಿತು.

ಅಷ್ಟೇ ಅಲ್ಲ. ಯಾವ ತಪಾಸಣೆಯೂ ಕೊಡಲಾರದ ಇನ್ನೊಂದು ಸಂಗತಿ ಆಕೆಯ ಹತ್ತಿರ ಇತ್ತು. ನೀರು ಯಾವಾಗ ಕೆಟ್ಟಿತು ಎಂಬುದು. ತನ್ನ ಬಾಣಂತನಗಳಿಂದ ಆಕೆ ವರ್ಷ ಗುರುತಿಸುತ್ತಿದ್ದಳು. “ನನ್ನ ಹಿರೇ ಮಗಾ ಹೊಟ್ಟ್ಯಾಗಿದ್ದಾಗ ಇಲ್ಲಿ ಜೋಳಾ ಇತ್ರಿ, ನೀರು ಎಳನೀರಿನಂಗ ಇತ್ತು. ಎರಡನೇ ಮಗಳು ಹುಟ್ಟಿದಾಗ ಪೈಪ್ ಬಂತು, ಕಬ್ಬು ಬಂತು. ಕಡೀ ಹುಡುಗ ನಡೆಯಾಕ ಕಲೀವಾಗ ನೀರು ನಾಲಗಿಗೆ ಹತ್ತಾಕ ಹತ್ತಿತು.” ಸವಳಾದ ಪ್ರತಿ ಬಾವಿಗೂ ಹೀಗೆ. ಮೊದಲು ಕಬ್ಬು, ಅದರ ಹಿಂದೆ ಕೆಲವು ವರ್ಷ ಬಿಟ್ಟು ಸವಳು. ಎಲ್ಲೂ ಹಿಂದುಮುಂದಾಗಲಿಲ್ಲ. ನಾನು ಬರೆದುಕೊಳ್ಳುತ್ತ ಹೋದೆ. ಪೆನ್ಸಿಲು ಎರಡು ಸಲ ಮುರಿಯಿತು.

ಮಧ್ಯಾಹ್ನ ಆಕೆಯ ಮನೆಯ ಮುಂದೆ ಮೂರು ಒಲೆ ಹೂಡಿದಳು. ಮೂರು ಒಂದೇ ಅಳತೆಯ ಗಡಿಗೆ, ಒಂದೊಂದರಲ್ಲಿ ಒಂದೊಂದು ನೀರು, ಒಂದೊಂದು ಹಿಡಿ ಬೇಳೆ. ಒಂದು ಸಾವಕಾರರ ಬಾವಿಯದು, ಒಂದು ಹಳ್ಳದ ದಂಡೆಯದು, ಇನ್ನೊಂದು ಗಾಯರಾಣದ ಕೆಳಗೆ ಜೋಳದ ಹೊಲದಲ್ಲಿದ್ದ ಹಳೆಯ ಬಾವಿಯದು. ಆ ಬಾವಿಯ ಮೇಲುಗಡೆ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಕೇರಿಯ ಹೆಂಗಸರೆಲ್ಲ ಸುತ್ತ ಕೂತರು. ಸರಕಾರಿ ಮನುಷ್ಯ ಕಣ್ಣಿಗೆ ಹೊಗೆ ತುಂಬಿಕೊಂಡು ಒಲೆ ಊದುವುದನ್ನು ನೋಡಿ ಅವರಿಗೆ ನಗುವೋ ನಗು. ಗಾಯರಾಣದ ಕೆಳಗಿನ ನೀರಿನಲ್ಲಿ ಬೇಳೆ ಮೊದಲು ಕರಗಿತು, ಅದರ ಹಿಂದೆಯೇ ಹಳ್ಳದ್ದು. ಸಾವಕಾರರ ನೀರಿನದು ಕಟ್ಟಿಗೆ ತೀರುವ ತನಕ ಕುದಿದರೂ ಬೆರಳಿಗೆ ಕಲ್ಲಿನಂತೆ ಸಿಕ್ಕಿತು. ಬೆಂದ ಎರಡು ಗಡಿಗೆಗಳನ್ನು ಎಲ್ಲರೂ ಹಂಚಿಕೊಂಡು ಉಂಡೆವು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಚಾಪೆ, ಚಾಪೆಯ ಮೇಲೆ ನಾನು. ಅಂಥ ಬೇಳೆ ಮತ್ತೆ ಉಂಡಿಲ್ಲ.

ಶನಿವಾರ, ಆಯಿಯ ಮಾತಿನಂತೆ ರಾತ್ರಿಯೇ ಕೂತು ಬರೆದ ಹೊಸ ನಕಾಶೆ ಹಿಡಿದು ಸಾಹೇಬರ ಮುಂದೆ ನಿಂತೆ. ನಡೆದದ್ದನ್ನೆಲ್ಲ ಹೇಳಿದೆ, ಬೇವಿನ ಗಿಡದ ಕೆಳಗೆ ಮಲಗಿದ್ದನ್ನೂ ಬಿಡಲಿಲ್ಲ. ಅವರು ನಿವೃತ್ತಿಯ ಹತ್ತಿರ ಬಂದಿದ್ದ, ಮಾತು ಕಡಿಮೆಯ ಮನುಷ್ಯ. ಎರಡೂ ಹಾಳೆಗಳನ್ನು ತೆಗೆದುಕೊಂಡು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಹಸಿರಿನೊಳಗೆಲ್ಲ ಕೆಂಪು. ದಿಬ್ಬದ ಕೆಳಗೆ, ಹಳದಿಯ ಅಂಚಿನಲ್ಲಿ ನೀಲಿ.

“ಗೋಡೆ ಮ್ಯಾಲಿಂದು ಭಾಳ ಛಂದ ಬರದೀ,” ಎಂದರು. “ಅದನ್ನ ಹರದ ಹಾಕು. ಇದನ್ನ ತೂಗ ಹಾಕು.”

ಸೋಮವಾರದ ಗುರುತನ್ನು ಅವರು ಮುಂದಕ್ಕೆ ಹಾಕಿದರು. ಹೊಸ ಬಾಟಲಿಗಳು ತಪಾಸಣೆಗೆ ಹೋದವು. ಉತ್ತರ ಬಂದಾಗ ಒಂದು ಬಾವಿಯ ಹೊರತು ಎಲ್ಲವೂ ಆಯಿ ಹೇಳಿದ ಹಾಗೇ ಇತ್ತು. ಆ ಒಂದು ಬಾವಿ ದ್ರಾಕ್ಷಿ ತೋಟದ್ದು. ಆಯಿ ಸಿಹಿ ಎಂದಿದ್ದಳು, ಬೇಳೆಯೂ ಬೇಯುತ್ತಿತ್ತು. ಆದರೆ ನೀರಿನಲ್ಲಿ ಎಳೆಕೂಸುಗಳಿಗೆ ಅಪಾಯವಾಗುವಷ್ಟು ಗೊಬ್ಬರದ ಅಂಶ ಏರಿತ್ತು. ನಾನು ಹೋಗಿ ಹೇಳಿದಾಗ ಆಕೆಗೆ ಬೇಸರವಾಗಲಿಲ್ಲ, ಆಸಕ್ತಿಯಾಯಿತು. “ರುಚಿ ಇಲ್ಲದ್ದು ನನಗ ಹೆಂಗ ತಿಳೀಬೇಕು? ಅದಕ್ಕ ನಿಮ್ಮ ಬಾಟ್ಲಿ ಬೇಕು ನೋಡ್ರಿ,” ಎಂದು, ಆ ತೋಟಕ್ಕೆ ಕೂಲಿಗೆ ಹೋಗುವ ಬಾಣಂತಿಯರಿಗೆ ಅಲ್ಲಿಯ ನೀರನ್ನು ಕೂಸಿಗೆ ಕುಡಿಸಬೇಡಿರೆಂದು ಅಂದೇ ಹೇಳಿ ಬಂದಳು. ನನ್ನ ತಪ್ಪು ತೋರಿಸಿದಾಗ ನಾನು ಮಾಡಿದ್ದನ್ನು ನೆನೆದು ತಲೆ ತಗ್ಗಿಸಿದೆ.

ಸಾವಕಾರರು ಕಚೇರಿಗೆ ಬಂದರು. ಜಗಳಕ್ಕಲ್ಲ, ಬೇಡಿಕೊಳ್ಳಲು. “ಹುಡುಗಗ ಕನ್ಯಾ ನೋಡಾಕತ್ತೇವ್ರಿ. ನಮ್ಮ ಒಂದ ಬಾವಿ ನೀಲಿ ಮಾಡ್ರಿ,” ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೊಲ ಕಣ್ಣೆದುರೇ ಬಿಳಿಯಾಗುವುದನ್ನು ಮುಚ್ಚಿಟ್ಟುಕೊಳ್ಳುತ್ತಿದ್ದರು, ಅಷ್ಟೇ. ಸಾಹೇಬರು ಚಹಾ ತರಿಸಿದರು. “ಕನ್ಯಾ ನೋಡಾಕ ಹೋಗುವಾಗ ನಕಾಶಿ ಯಾರೂ ಒಯ್ಯೂದಿಲ್ರಿ. ಚಿಂತಿ ಬಿಡ್ರಿ,” ಎಂದರು. ಆದರೆ ಬಣ್ಣ ಬದಲಿಸಲಿಲ್ಲ. ಕೇರಿಯ ಬಾವಿಯನ್ನು ಗಾಯರಾಣದ ಬುಡಕ್ಕೆ ಗುರುತು ಮಾಡಿದರು. ನಕಾಶೆಯಲ್ಲಿ ಅದರ ಮೇಲಿನ ಹುಲ್ಲುಗಾವಲಿಗೆ ನನ್ನಿಂದ ಗೀರು ಹೊಡೆಸಿ, ಇಲ್ಲಿ ನೀರಾವರಿ ಮಾಡಬಾರದು, ಈ ನೆಲ ಹೀಗೇ ಇರಬೇಕು ಎಂದು ಬರೆಸಿದರು.

ಬಾವಿಗೆ ನೀರು ಬಿದ್ದ ದಿನ ಆಯಿ ನನಗೆ ಹೇಳಿ ಕಳಿಸಿದ್ದಳು. ಮೊದಲ ಕೊಡವನ್ನು ತಾನೇ ಸೇದಿದಳು. ಐವತ್ತು ದಾಟಿದ ಹೆಂಗಸು, ಬಾವಿಯ ಹಗ್ಗ ಹಿಡಿದದ್ದು ಅದೇ ಮೊದಲು. ಕೈಗೆ ರೂಢಿಯಿಲ್ಲದೆ ಹಗ್ಗ ಎರಡು ಸಲ ಜಾರಿತು. ಯಾರಿಗೂ ಮುಟ್ಟಗೊಡಲಿಲ್ಲ.

ಕಾಗದದ ಮೇಲೆ ನಾನು ಹೊಡೆದ ಗೀರು ನೆಲವನ್ನು ಕಾಯುತ್ತಿರಲಿಲ್ಲ. ಕಾಯ್ದವರು ಕೇರಿಯ ಹೆಂಗಸರು. ಗಾಯರಾಣದ ಅಂಚಿಗೆ ಯಾರಾದರೂ ನೇಗಿಲು ತಂದರೆ ಆಯಿ ಮುಂದಾಗಿ ಹೋಗಿ ಸಾಲಿನಲ್ಲಿ ಕೂತುಬಿಡುತ್ತಿದ್ದಳಂತೆ. ಬೈಯುವುದಿಲ್ಲ, ಕೂಗುವುದಿಲ್ಲ. ಬುತ್ತಿ ಬಿಚ್ಚಿ ಉಣ್ಣುವುದು, ಎಲೆ ಅಡಿಕೆ ಹಾಕುವುದು, ಎತ್ತು ತಿರುಗುವ ತನಕ ಕೂತಿರುವುದು. ನಮ್ಮ ಇಡೀ ಕಚೇರಿಗಿಂತ ಆಕೆಯ ಆ ಕೂತುಕೊಳ್ಳುವುದೇ ಹೆಚ್ಚು ಕೆಲಸ ಮಾಡಿತು ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಅದೇ ಊರಿನ ನೀರು ತೆಗೆಯಲು ಹೋದೆ. ಸಾಹೇಬರು ನಿವೃತ್ತರಾಗಿದ್ದರು, ನನ್ನ ಕೂದಲು ಬೆಳ್ಳಗಾಗತೊಡಗಿತ್ತು. ಸಾವಕಾರರ ಹೊಲದ ತಗ್ಗಿನ ಭಾಗದಲ್ಲಿ ಬೆಳ್ಳಗೆ ಉಪ್ಪು ಮೇಲೆದ್ದು ನಿಂತಿತ್ತು. ಹಳ್ಳದ ದಂಡೆಯ ಬಾವಿಗೂ ಸವಳು ಏರಿತ್ತು. ಅದರ ಸುತ್ತಲೂ ಕಬ್ಬು ಬಂದು ವರ್ಷಗಳಾಗಿದ್ದವು. ಒಂದೊಂದೇ ಬಾಟಲಿ ತುಂಬಿಕೊಂಡು ಕೊನೆಗೆ ಕೇರಿಯ ಬಾವಿಗೆ ಬಂದೆ. ಮೇಲುಗಡೆ ಗಾಯರಾಣ ಹಾಗೇ ಇತ್ತು, ದನ ಮೇಯುತ್ತಿದ್ದವು.

ಆಯಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗೇ ಇತ್ತು. ಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆ, ತಾಮ್ರದ ಕೊಡ ಹಿಡಿದು ಒಬ್ಬ ಹೆಣ್ಣುಮಗಳು ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಸಾವಕಾರರ ಸೊಸೆ. ಅಂದು ಬೇರೆ ಬಾವಿಯ ನೀರು ತುಂಬಿ ಕೊಟ್ಟು ಮಾನ ಉಳಿಸಿಕೊಳ್ಳಲು ನೋಡಿದ ಮನೆಗೆ ಬಂದ ಕನ್ಯೆ. ಮೇಲೆ ಬರಬೇಕೋ ಬೇಡವೋ ತಿಳಿಯದೆ, ಕೊಡವನ್ನು ಮುಂದೆ ಚಾಚಿ, ಯಾರಾದರೂ ಸುರಿಯಲಿ ಎಂದು ಕಾಯುತ್ತಿದ್ದಳು.

ಆಯಿ ನಿಧಾನವಾಗಿ ಎದ್ದಳು. ನಾನು ಆಕೆಯ ಬೊಗಸೆಗೆ ನೀರು ಸುರಿದಿದ್ದ ದಿನ ನೆನಪಾಯಿತು. ಈಗ ಆಕೆ ಸುರಿದರೂ, ಬೈದು ಕಳಿಸಿದರೂ ಕೇಳುವವರು ಯಾರು?

“ಅಲ್ಲ್ಯಾಕ ನಿಂತೀಯವ್ವಾ? ಮ್ಯಾಲ ಬಾ,” ಎಂದಳು ಆಯಿ. ಸೊಸೆ ಮೆಟ್ಟಿಲು ಹತ್ತಿ ಬಂದು ಕೊಡ ಚಾಚಿದಳು. ಆಯಿ ಕೊಡವನ್ನು ಮುಟ್ಟಲಿಲ್ಲ. ಗಾಲಿಯ ಮೇಲಿನ ಹಗ್ಗ ಎಳೆದು, ಅದರ ತುದಿಯನ್ನು ಸೊಸೆಯ ಕೈಯಲ್ಲಿ ಇಟ್ಟಳು.

“ಸುರಿಯೂದು ಇಲ್ಲಿಲ್ಲ. ನೀನ ಸೇದಕೋ.”

ಸೊಸೆ ಒಂದು ಕ್ಷಣ ಹಗ್ಗವನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡದ ಕೊರಳಿಗೆ ಹಗ್ಗ ಬಿಗಿದು ಬಾವಿಗೆ ಇಳಿಬಿಟ್ಟು, ಎರಡೂ ಕೈಯಿಂದ ಸೇದತೊಡಗಿದಳು. ಕೊಡ ತುಂಬಿ ಮೇಲೆ ಬಂದಾಗ ಆಯಿ ಬಗ್ಗಿ, ಅದನ್ನು ಆಕೆಯ ಸೊಂಟಕ್ಕೆ ಎತ್ತಿ ಕೊಟ್ಟಳು. “ಬ್ಯಾಳಿ ಛಲೋ ಕುದಿತೈತಿ. ಮಾವಗ ಹೇಳು,” ಎಂದಳು.